ಒಂದು ನಿಮಿಷದ ಸುತ್ತೋಲೆ ಮತ್ತು ನನ್ನ ತಂಗಿಯ ಹೆಬ್ಬೆರಳು

ಪ್ರಯೋಗಾಲಯಗಳ ಮಾನ್ಯ ನಿರ್ದೇಶಕರೇ,

ಸ್ಲೈಡನ್ನು ಸ್ಪಿರಿಟ್‌ನಲ್ಲಿ ಸರಿಯಾಗಿ ಒಂದು ನಿಮಿಷ ತೊಳೆಯಬೇಕೆಂಬ ನಿಮ್ಮ ಸುತ್ತೋಲೆಯನ್ನು ನಾನು ಮೀರಿದ್ದೇನೆ. ಏಕೆಂದು ನೋಟಿಸಿನಲ್ಲಿ ಕೇಳಿದ್ದೀರಿ. ಉತ್ತರವನ್ನು ನಿಮಗೊಬ್ಬರಿಗೇ ಕಳಿಸಿದರೆ ಅದು ಕಡತದೊಳಗೆ ಸುಖವಾಗಿ ನಿದ್ರಿಸೀತೆಂಬ ಭಯದಿಂದ ಪತ್ರಿಕೆಗೆ ಕೊಡುತ್ತಿದ್ದೇನೆ.

ಓದುಗರಿಗೂ ನಮ್ಮ ಕೆಲಸ ತಿಳಿಯಲಿ. ಕೀವಿನಲ್ಲಿರುವ ಬ್ಯಾಕ್ಟೀರಿಯಾ ಯಾವುದೆಂದು ಗುರುತಿಸಲು ಮೊದಲ ಹೆಜ್ಜೆ ಬಣ್ಣ. ಕೀವನ್ನು ಸ್ಲೈಡಿಗೆ ಸವರಿ, ನೇರಳೆ ಬಣ್ಣ ಹಾಕಿ, ಸ್ಪಿರಿಟ್‌ನಲ್ಲಿ ತೊಳೆದು, ಮೇಲೆ ಕೆಂಪು ಹಾಕುತ್ತೇವೆ. ನೇರಳೆಯನ್ನು ಬಿಡದವು ಒಂದು ಕುಲ, ಬಿಟ್ಟು ಗುಲಾಬಿಯಾಗುವವು ಇನ್ನೊಂದು. ಮೊದಲ ಮದ್ದು, ಮುಂದಿನ ಪರೀಕ್ಷೆ ಎಲ್ಲವೂ ಇದನ್ನೇ ನಂಬಿವೆ. ಎಷ್ಟು ಹೊತ್ತು ತೊಳೆಯಬೇಕು? ಹನಿಯಲ್ಲಿ ಬಣ್ಣ ಇಳಿಯುವುದು ನಿಲ್ಲುವವರೆಗೆ. ಹತ್ತು ಸೆಕೆಂಡೋ ಹದಿನೈದೋ, ಕಣ್ಣು ಹೇಳುತ್ತದೆ. ಆದರೆ ಕಣ್ಣಿಗೆ ಏಕರೂಪತೆ ಇಲ್ಲವಲ್ಲ! ತಾವು ಗಡಿಯಾರ ದಯಪಾಲಿಸಿದಿರಿ. ತೊಳೆದದ್ದು ಸರಿಯಿದೆಯೇ ಎಂದು ಹೋಲಿಸಲು ಪಕ್ಕದಲ್ಲಿಡುತ್ತಿದ್ದ ಪರಿಚಿತ ನೇರಳೆ ಬ್ಯಾಕ್ಟೀರಿಯಾದ ಸ್ಲೈಡನ್ನು ‘ಅನಗತ್ಯ’ವೆಂದು ನಿಲ್ಲಿಸಿದಿರಿ. ಪೂರ್ತಿ ನಿಮಿಷ ತೊಳೆದರೆ ಎಂಥ ಹಠಮಾರಿ ನೇರಳೆಯೂ ಬಣ್ಣ ಬಿಡುತ್ತದೆ, ಸ್ವಾಮಿ. ಎಲ್ಲ ಬಣ್ಣವನ್ನೂ ಮಸಿ ನುಂಗಿತು ಎಂಬ ಗಾದೆಯಿತ್ತು. ಮೂರು ತಿಂಗಳಿಂದ ನಮ್ಮಲ್ಲಿ ಗುಲಾಬಿ ನುಂಗುತ್ತಿದೆ. ಬ್ಯಾಕ್ಟೀರಿಯಾಗಳೂ ಸುತ್ತೋಲೆ ಓದಿ ಶಿಸ್ತು ಕಲಿತವೆಂದು ತಾವು ಸಂತೋಷಪಟ್ಟಿರಬಹುದು.

ನನ್ನ ತಂಗಿ ಹೊಲಿಗೆ ಅಂಗಡಿಯಲ್ಲಿ ಕಾಜಾ ಹಾಕುವವಳು. ಬಲಗೈ ಹೆಬ್ಬೆರಳಿಗೆ ಸೂಜಿ ಚುಚ್ಚಿ ಕೀವಾಯಿತು. ಆ ಕೀವು ಪರೀಕ್ಷೆಗೆ ನಮ್ಮಲ್ಲಿಗೇ ಬಂದ ದಿನ ನನಗೆ ರಜೆ. ಸಹೋದ್ಯೋಗಿ ಗಡಿಯಾರ ನೋಡಿ ತೊಳೆದ, ಗುಲಾಬಿ ಎಂದು ವರದಿ ಬರೆದ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗೆ, ಗುಲಾಬಿಯವಕ್ಕೆ ಕೊಡುವ ಮದ್ದು ಶುರುವಾಯಿತು. ಗುಲಾಬಿಯವು ಮಾತ್ರ ಬೆಳೆಯುವ ತಟ್ಟೆಯಲ್ಲಿ ಕೀವನ್ನು ಬಿತ್ತಿದ್ದರಿಂದ ಅಲ್ಲಿ ಏನೂ ಬೆಳೆಯಲಿಲ್ಲ. ನಾಲ್ಕನೇ ದಿನ ಬೆರಳ ತುದಿ ಕಪ್ಪಾಯಿತು. ಮರುದಿನವೇ ಬೆರಳನ್ನು ಬುಡದಿಂದ ತೆಗೆಯಬೇಕೆಂದರು ವೈದ್ಯರು.

“ಅಕ್ಕಾ, ಹೆಬ್ಬೆರಳಿಲ್ದೆ ಸೂಜಿ ಹಿಡಿಯೋದು ಹೇಗೆ?” ಎಂದಳು. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು.

ಹೊಸ ಕೀವಿನೊಂದಿಗೆ ಪ್ರಯೋಗಾಲಯಕ್ಕೆ ಓಡಿದೆ. ಸಹೋದ್ಯೋಗಿ ಗೋಡೆಯ ಸುತ್ತೋಲೆ ತೋರಿಸಿದ. “ಮೇಡಂ, ನಾನೇನೂ ನೋಡಿಲ್ಲ ಆಯ್ತಾ? ನನಗೂ ಹೆಂಡ್ತಿ ಮಕ್ಕಳಿದಾರೆ,” ಎಂದು ಗಡಿಯಾರವನ್ನು ಬೋರಲು ಹಾಕಿದ. ಕಣ್ಣನ್ನೇ ನಂಬಿ ತೊಳೆದೆ. ದ್ರಾಕ್ಷಿ ಗೊಂಚಲಿನಂತೆ ಗುಂಪುಗುಂಪಾಗಿ, ಎಲ್ಲವೂ ನೇರಳೆ! ಅದನ್ನು ತಿಳಿಸಿದೊಡನೆ ವೈದ್ಯರು ಮದ್ದು ಬದಲಿಸಿ, ಶಸ್ತ್ರಕ್ರಿಯೆಯನ್ನು ಎರಡು ದಿನ ಮುಂದೂಡಿದರು. ಮರುದಿನ ಬೇರೆ ತಟ್ಟೆಯಲ್ಲಿ ಬೆಳೆದದ್ದಕ್ಕೆ ಪೆರಾಕ್ಸೈಡ್ ಹನಿಸಿದಾಗ ಬುಸುಬುಸು ನೊರೆ ಬಂತು. ರಕ್ತರಸದಲ್ಲಿ ಕಲಸಿಟ್ಟಾಗ ಆ ರಸವೇ ಹೆಪ್ಪುಗಟ್ಟಿತು. ಅಪರಿಚಿತನ ಗುರುತು ಸಿಕ್ಕಿತು: ನೇರಳೆ ಕುಲದ ಸ್ಟ್ಯಾಫಿಲೋಕಾಕಸ್. ಹೆಬ್ಬೆರಳಿನ ತುದಿ ಮಾತ್ರ ಹೋಯಿತು.

ನೋಟಿಸಿನಲ್ಲಿ ಕ್ಷಮಾಪಣೆಯನ್ನೂ ಕೇಳಿದ್ದೀರಿ. ಖಂಡಿತ ಕೊಡುತ್ತೇನೆ, ಆದರೆ ನಿಮಗಲ್ಲ. ಸುತ್ತೋಲೆ ತಪ್ಪೆಂದು ಗೊತ್ತಿದ್ದೂ ಮೂರು ತಿಂಗಳು ಬಾಯಿಗೆ ಬೀಗ ಹಾಕಿಕೊಂಡು ನಾನೂ ಒಂದೊಂದು ನಿಮಿಷ ತೊಳೆದೆ. ಈ ಅವಧಿಯಲ್ಲಿ ನನ್ನ ತಂಗಿಯಲ್ಲದೆ ಗುಲಾಬಿ ವರದಿ ಪಡೆದವರು ನಾನೂರ ಹನ್ನೆರಡು ಮಂದಿ. ಅರ್ಧಕ್ಕಿಂತ ಹೆಚ್ಚು ವರದಿಗಳಲ್ಲಿ ನನ್ನದೇ ಸಹಿ. ಸುತ್ತೋಲೆಯನ್ನು ಇಂದೇ ಹಿಂತೆಗೆಯಿರಿ, ಹೋಲಿಕೆಯ ಸ್ಲೈಡನ್ನು ಮರಳಿ ಕೊಡಿ, ಆ ಅಷ್ಟೂ ಜನರನ್ನು ಕರೆಸಿ ಮತ್ತೆ ಪರೀಕ್ಷಿಸಿ. ಅವರಲ್ಲಿ ಯಾರಿಗೂ ಪ್ರಯೋಗಾಲಯದಲ್ಲಿ ಅಕ್ಕ ಇರಲಿಲ್ಲ.

ಇಂತಿ,
ಎಷ್ಟು ತೊಳೆದರೂ ಕೈಯ ಕಲೆ ಹೋಗದ
ಒಬ್ಬ ಪ್ರಯೋಗಾಲಯ ಸಹಾಯಕಿ