ಓಟಕ್ಕೆ ಹುಟ್ಟಿದ ಗಾಡಿ

ಇಲ್ಫರ್ಡ್, ಲಂಡನ್
೯ ಮಾರ್ಚ್ ೨೦೨೫, ಭಾನುವಾರ

ಪ್ರೀತಿಯ ಅಕ್ಕನಿಗೆ ಪ್ರಭಾಳ ನಮಸ್ಕಾರಗಳು.

ನಿನ್ನ ಗೃಹಪ್ರವೇಶದ ಕರೆಗೆ ಇಷ್ಟು ದಿನ ಉತ್ತರ ಕೊಡಲಿಲ್ಲವೆಂದು ಬೇಸರಿಸಬೇಡ. ಇವರು ನನ್ನ ಫೋನ್ ನೋಡುತ್ತಾರೆ, ಅದಕ್ಕೇ ಕಾಗದ. ನಾನೂ ಪುಟ್ಟ ಮಾನ್ಯಾಳೂ ನಿನ್ನೆಯಿಂದ ನನ್ನ ಆಸ್ಪತ್ರೆಯ ಗೆಳತಿ ಜ್ಯೋತ್ಸ್ನಾಳ ಮನೆಯಲ್ಲಿದ್ದೇವೆ. ಕ್ಷೇಮ ಎಂದು ಬರೆಯಲು ಕೈ ಬರುತ್ತಿಲ್ಲ.

ಇವರು ಅಮೆರಿಕದಿಂದ ತರಿಸಿದ ಹಳೆಯ ಸೂಪರ್‌ಬರ್ಡ್ ಕಾರಿನ ಫೋಟೋ ನೋಡಿ ನೀನು ನಕ್ಕಿದ್ದೆಯಲ್ಲ, ಬೆನ್ನ ಮೇಲೆ ಬಟ್ಟೆ ಒಣಹಾಕುವ ಗಳು ಇದ್ದ ಹಾಗಿದೆ ಎಂದು? ಮನೆಗೆ ಯಾರು ಬಂದರೂ ಇವರದು ಅದೇ ಕಥೆ. "ಇದು ರೇಸಿಗೇ ಅಂತ ಹುಟ್ಟಿದ್ದು ಕಣ್ರೀ. ಜನಕ್ಕೂ ಮಾರಿದ್ರೆ ಮಾತ್ರ ಟ್ರ್ಯಾಕಿಗೆ ಬಿಡ್ತೀವಿ ಅಂತ ರೂಲ್ಸು. ಅದಕ್ಕೇ ಒಂದಷ್ಟು ರಸ್ತೆಗೆ ಬಂದ್ವು. ಆ ರೆಕ್ಕೆ ಚೆಂದಕ್ಕಲ್ಲ, ಸ್ಪೀಡಲ್ಲಿ ಹಿಂದಿನ ಚಕ್ರಕ್ಕೆ ಹಿಡಿತ ಇರ್ಲಿ ಅಂತ." ಕೇಳಿದವರು ತಲೆದೂಗುತ್ತಾರೆ. ಇವರ ಬಗ್ಗೆ, ಡಾಕ್ಟರ್ ಸತ್ಯಪ್ರಕಾಶರಂಥ ಸಮಾಧಾನಿ ಇನ್ನೊಬ್ಬರಿಲ್ಲ ಎನ್ನುತ್ತಾರೆ.

ಒಳಗೆ ಕೂರುವವಳು ನಾನು. ಸ್ಟೀರಿಂಗ್ ಎಡಕ್ಕಿರುವುದರಿಂದ ಇಲ್ಲಿನ ರಸ್ತೆಯಲ್ಲಿ ಎದುರು ಬರುವ ಲಾರಿಗಳೆಲ್ಲ ನನ್ನ ಮಗ್ಗುಲಿಗೇ. ಮನೆಯಲ್ಲಿ ಇವರು ದನಿ ಎತ್ತಿದವರಲ್ಲ ಅಕ್ಕ. ಆ ಕಾರಿನಲ್ಲಿ ಮಾತ್ರ, ಇವರಿಗೆ ಹಿಡಿಸದ ಮಾತು ಬಂದರೆ ಉತ್ತರ ಕೊಡುವುದಿಲ್ಲ. ಆಕ್ಸಿಲರೇಟರ್ ಒತ್ತುತ್ತಾರೆ, ನಾನು ಸುಮ್ಮನಾಗುವವರೆಗೆ.

ನಿನ್ನೆ ಗ್ರೀನ್‌ಫರ್ಡ್‌ನ ಗೋದಾಮುಗಳ ಹಿಂದಿನ ರಸ್ತೆಯಲ್ಲಿ, "ಅಕ್ಕನ ಮನೆ ಗೃಹಪ್ರವೇಶಕ್ಕೆ ನಾನೂ ಮಾನ್ಯಾನೂ ಹೋಗ್ಬರ್ತೀವಿ" ಎಂದೆ. ಇವರು ಮುಂದೆ ನೋಡುತ್ತಲೇ ಮುಗುಳ್ನಕ್ಕರು. ಬಸ್ಸನ್ನು ಹಿಂದೆ ಹಾಕಲು ಆಚೆ ಬದಿಗೆ ನುಗ್ಗಿಸಿದರು. ಎದುರಿಗೆ ಲಾರಿ. ಡ್ರೈವರನ ಬಾಯಿ ತೆರೆದದ್ದೂ ಕಾಣಿಸಿತು.

"ರೀ, ಮಗು ಇದೆ ರೀ!"

ಕೂದಲೆಳೆಯ ಅಂತರದಲ್ಲಿ ಈಚೆಗೆ ಸರಿಸಿಕೊಂಡು, "ನೋಡು, ಎಷ್ಟು ಚೆನ್ನಾಗಿ ಮಾತು ಕೇಳುತ್ತೆ" ಎಂದರು. ಗಾಡಿಯ ಬಗ್ಗೆಯೋ ನನ್ನ ಬಗ್ಗೆಯೋ ತಿಳಿಯಲಿಲ್ಲ.

ಕೆಂಪು ದೀಪಕ್ಕೆ ನಿಂತಾಗ ಇಳಿದೆ. ಎರಡೇ ಬಾಗಿಲಿನ ಕಾರು. ಸೀಟು ಮಡಚಿ ಹಿಂದಿದ್ದ ಮಾನ್ಯಾಳನ್ನು ಹೊರಗೆಳೆದೆ. "ಗಾಡಿ ಹತ್ತು" ಎಂದರು, ಮೆಲ್ಲಗೆ. ಹಿಂದಿನವರು ಹಾರ್ನ್ ಹೊಡೆದರು. ನಾವು ಓಡಿ ಟ್ಯೂಬ್ ರೈಲಿನ ಸ್ಟೇಷನ್ ಸೇರಿದೆವು.

ಜ್ಯೋತ್ಸ್ನಾ ಕುಂದಾಪುರದವಳು. "ಎಷ್ಟ್ ದಿನ ಬೇಕಾರೂ ಇಲ್ಲೇ ಇರಿ ಮಾರ್ರೆ" ಎಂದಳು. ನಾಳೆ ನನ್ನ ಜೊತೆ ಪೊಲೀಸರ ಬಳಿ ಬರುತ್ತಾಳೆ. ಬೀದಿಯಲ್ಲಿ ದೊಡ್ಡ ಇಂಜಿನ್ನಿನ ಸದ್ದಾದರೆ ಮಗುವನ್ನು ಕಿಟಕಿಯಿಂದ ಆಚೆ ಎಳೆದುಕೊಳ್ಳುತ್ತೇನೆ. ಪಾಸ್‌ಪೋರ್ಟುಗಳು ಆ ಮನೆಯಲ್ಲೇ ಉಳಿದಿವೆ, ಸದ್ಯಕ್ಕೆ ಊರಿಗೆ ಬರಲಾರೆ. ಇಲ್ಲಿಗೆ ಫೋನ್ ಮಾಡಬೇಡ. ಇವರು ಕೇಳಿದರೆ ನಿನಗೇನೂ ಗೊತ್ತಿಲ್ಲ.

ಭಾವನವರಿಗೆ ನಮಸ್ಕಾರ, ಅಚಿಂತ್ಯನಿಗೆ ಆಶೀರ್ವಾದ. ನನಗೆ ನಿನ್ನ ಆಶೀರ್ವಾದ ಬೇಕು.

ನಿನ್ನ ತಂಗಿ,
ಪ್ರಭಾ

ಮತ್ತೊಂದು ಮಾತು: ಆ ಲಾರಿ ಎದುರು ಬಂದಾಗ ಮಾನ್ಯಾ ಅಳಲೇ ಇಲ್ಲ. ಈಗ ತಲೆ ಬಾಚುತ್ತ ಯಾಕೆಂದು ಕೇಳಿದೆ. "ಅತ್ರೆ ಡ್ಯಾಡಿ ಇನ್ನೂ ಫಾಸ್ಟ್ ಹೋಗ್ತಾರೆ, ಮಮ್ಮಿ. ನೀನಿಲ್ಲದಾಗ ಒಂದ್ಸಲ ಕಾರಲ್ಲಿ ನಾನು ಅತ್ತಿದ್ದೆ" ಎಂದಳು. ಅದಕ್ಕಿನ್ನೂ ಎಂಟು ವರ್ಷ ಅಕ್ಕ.