ಮೊದಲ ಸಾಲು, ಮೂರನೆಯ ಕುರ್ಚಿ

ಮಾರ್ಚ್ 12, ಬುಧವಾರ, ಬೆಳಿಗ್ಗೆ 10

ನಿನ್ನೆ, ಮಾರ್ಚ್ 11ರ ಸಂಜೆ ಆರೂವರೆಗೆ, ನಮ್ಮೂರಿನ ನಕ್ಷತ್ರ ವೀಕ್ಷಣಾಲಯವನ್ನು ಹೋಟೆಲಿಗೆ ಬಿಟ್ಟುಕೊಟ್ಟರು. ಅದೂ ಊರಿನವರ ಒಪ್ಪಿಗೆಯಿಂದ. ನಗರಸಭೆಯ ಬಾಗಿಲಿಗೆ ಅಂಟಿಸಿದ್ದಾರೆ — ಒಪ್ಪಿದವರು 131, ವಿರೋಧ 9. ಬ್ರೆಡ್ ತರಲು ಹೋದವಳು ಬ್ರೆಡ್ ಮರೆತು ಬಂದೆ.

(ಏಳು ಗಂಟೆಗೆ 4 ಡಿಗ್ರಿ. ವಾಯುಭಾರ ಇಳಿಯುತ್ತಿದೆ.)

ನಿನ್ನೆಯ ಸಭೆಯಲ್ಲಿ ನಾನೂ ಕೂತಿದ್ದೆ. ಉಪಮೇಯರ್ ರುಮೆನ್ ಮತ ಎಣಿಸುವ ಹೊಸ ಯಂತ್ರ ತೋರಿಸಿದ. ಒಂದು ಕಾಲಕ್ಕೆ ನನ್ನ ಭೌತಶಾಸ್ತ್ರದ ತರಗತಿಯಲ್ಲಿ ಕೂರುತ್ತಿದ್ದವನು. "ಕೈ ಎತ್ತೋ ಕಷ್ಟ ಬೇಡ. ಭುಜ ನೋವಿನವರು ತುಂಬಾ ಜನ ಇದ್ದೀರಿ. ಆ ಕ್ಯಾಮೆರಾ ನೀವು ತಲೆ ಆಡಿಸೋದನ್ನ ನೋಡಿ ತಾನೇ ಎಣಿಸುತ್ತೆ. ಮನೇಲಿ ಹೌದು, ಇಲ್ಲ ಅಂತ ಹೇಗಂತೀರೋ ಹಾಗೇ ಅನ್ನಿ."

ಪಕ್ಕದ ಮನೆಯ ಜ್ಲಾತ್ಕಾ ಸುಮ್ಮನಿರಲಿಲ್ಲ. "ಮನೇಲಿ ನಾನು ಲಟ್ಟಣಿಗೆ ತೋರಿಸ್ತೀನಿ. ಅದನ್ನೂ ಎಣಿಸುತ್ತೇನಪ್ಪಾ?"

ಎಲ್ಲರೂ ನಕ್ಕರು. ಆಮೇಲೆ ಪ್ರಶ್ನೆ ಬಂತು: ಹೋಟೆಲಿಗೆ ಕೊಡೋಣವೇ? ಸಭೆಗೆ ಸಭೆಯೇ ಗದ್ದ ಮೇಲೆತ್ತಿ ಇಳಿಸಿ, ನಾಲಿಗೆ ಲೊಚಗುಟ್ಟಿತು. ಅಷ್ಟು ಸ್ಪಷ್ಟವಾದ "ಇಲ್ಲ" ಕೇಳಿ ಎಷ್ಟು ವರ್ಷವಾಗಿತ್ತೋ. ಎಣಿಕೆಯನ್ನು ಬೆಳಿಗ್ಗೆ ಬಾಗಿಲಿಗೆ ಅಂಟಿಸುತ್ತೇವೆ ಅಂದರು. ನೆಮ್ಮದಿಯಾಗಿ ಮನೆಗೆ ಬಂದು ಬೀನ್ಸ್ ಸೂಪ್ ಬಿಸಿ ಮಾಡಿಕೊಂಡೆ.

ಬಾಗಿಲಿನ ಎರಡನೆಯ ಹಾಳೆಯಲ್ಲಿ, ಕೂತವರ ಹೆಸರಿನ ಸಮೇತ, ಕುರ್ಚಿಗಳ ನಕ್ಷೆ ಇದೆ. ನನ್ನ ಕುರ್ಚಿಯ ಮೇಲೆ "ಒಪ್ಪಿಗೆ". ಜ್ಲಾತ್ಕಾಳದ್ದೂ "ಒಪ್ಪಿಗೆ". ಕೆಳಗೆ ರುಮೆನ್‌ನ ಸಹಿ. ಫೋನಿನಲ್ಲಿ ಫೋಟೊ ತೆಗೆದುಕೊಂಡೆ.

ಮಾರ್ಚ್ 13

ಮಳೆ. ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ಉಪಮೇಯರ್ ಮೀಟಿಂಗಿನಲ್ಲಿದ್ದರು.

1968ರಲ್ಲಿ ನನಗೆ ಹದಿನೇಳು. ವೀಕ್ಷಣಾಲಯ ಕಟ್ಟಲು ಶನಿವಾರ ಶನಿವಾರ ನದಿಯಿಂದ ಗುಡ್ಡದವರೆಗೆ ಸಾಲಾಗಿ ನಿಂತು ಕೈಯಿಂದ ಕೈಗೆ ಕಲ್ಲು ದಾಟಿಸಿದೆವು. ಗುಮ್ಮಟದ ತಗಡು ತಂಬಾಕಿನ ಗೋದಾಮಿನದು. ಗುರುಗ್ರಹದ ನಾಲ್ಕು ಚಂದ್ರರನ್ನು ಈ ಊರಿನ ಮೂರು ತಲೆಮಾರುಗಳು ಅಲ್ಲೇ ನೋಡಿವೆ. ರುಮೆನ್ ಕೂಡ. ಆವತ್ತು ಅವನನ್ನು ದೂರದರ್ಶಕದಿಂದ ಎಬ್ಬಿಸಲು ಕಿವಿ ಹಿಡಿಯಬೇಕಾಯಿತು.

ಮಾರ್ಚ್ 15, ಶನಿವಾರ

ಮಗಳು ಯಾನಿತ್ಸಾ, ಅಳಿಯ ವೂಟರ್ ಹಾಲೆಂಡಿನಿಂದ ಬಂದಿದ್ದಾರೆ. ನನ್ನ ಮುಖ ನೋಡಿ, ಸಭೆಯ ಕಥೆಯೆಲ್ಲ ಕೇಳಿ, ಪ್ಲೊವ್‌ದಿವ್‌ ನಗರಕ್ಕೆ ಹೋಗಿ ಬರೋಣ ಎಂದು ಕಾರು ಹತ್ತಿಸಿದರು. ದಾರಿಯಲ್ಲಿ ವರ್ಷದ ಮೊದಲ ಕೊಕ್ಕರೆ. ಯಾನಿತ್ಸಾ ಕಾರು ನಿಲ್ಲಿಸಿ, ನಮ್ಮ ರೂಢಿಯಂತೆ ಕೊಕ್ಕರೆ ಕಂಡಾಗ ಬಿಚ್ಚಲೆಂದು ಒಂದನೇ ತಾರೀಖು ಕೈಗೆ ಕಟ್ಟಿಕೊಂಡಿದ್ದ ಕೆಂಪು-ಬಿಳಿ ದಾರವನ್ನು ಬಿಚ್ಚಿ ಹೂಬಿಟ್ಟ ಬಾದಾಮಿ ಮರಕ್ಕೆ ಕಟ್ಟಿದಳು. "ನೀನೂ ಕಟ್ಟಮ್ಮ." ಮನಸ್ಸು ಬರಲಿಲ್ಲ. ನನ್ನದು ಕೈಯಲ್ಲೇ ಇದೆ.

ಪೆಟ್ರೋಲ್ ಬಂಕಿನಲ್ಲಿ ಕಾಫಿ. ಸಕ್ಕರೆ ಹಾಕಲೇ ಎಂದು ಹುಡುಗಿ ಕೇಳಿದಳು. ವೂಟರ್ ತಲೆಯನ್ನು ಮೇಲೆ ಕೆಳಗೆ ಆಡಿಸಿದ. ಸಕ್ಕರೆಯಿಲ್ಲದ ಕಾಫಿ ಬಂತು.

"ಹನ್ನೆರಡು ವರ್ಷ ಆಯ್ತು, ಇನ್ನೂ ಕಲ್ತಿಲ್ಲ," ಯಾನಿತ್ಸಾ ಅಂದಳು.

"ಎಲ್ಲಾ ನಿಮ್ಮಮ್ಮನ ತಪ್ಪು," ವೂಟರ್ ಅಂದ. "ಅತ್ತೆ, ನಿಮ್ಮ ಮಗಳನ್ನ ಮದುವೆ ಆಗ್ತೀನಿ ಅಂತ ಕೇಳಿದಾಗ ನೀವು ನಗ್ತಾ ತಲೆ ಅತ್ತಿತ್ತ ಅಲ್ಲಾಡಿಸಿದ್ರಿ. ಬೇಡ ಅಂದ್ರಿ ಅಂದ್ಕೊಂಡು ಅಂಗಳದಲ್ಲಿ ಹೋಗಿ ಅತ್ತುಬಿಟ್ಟೆ."

"ಇವರು ಅಳ್ತಾ ಕೂತಿದ್ರೆ ಒಳಗೆ ಅಪ್ಪ ಬಾಟ್ಲಿ ತೆಗೀತಿದ್ರು."

ನಕ್ಕೆವು. ಮೊದಲು ನಗು ನಿಲ್ಲಿಸಿದವನು ವೂಟರ್. "ಅತ್ತೆ... ಆ ಕ್ಯಾಮೆರಾ ಯಾವ ದೇಶದ್ದು?"

ನಮ್ಮಲ್ಲಿ ಮೇಲೆ ಕೆಳಗೆ ಅಂದರೆ ಇಲ್ಲ, ಅತ್ತಿತ್ತ ಅಂದರೆ ಹೌದು. ಅವನ ದೇಶದಲ್ಲಿ ತಿರುಗುಮುರುಗು. ಯಂತ್ರದ ದೇಶದಲ್ಲೂ.

ಫೋಟೊ ತೆಗೆದು ಬೆರಳಿನಿಂದ ದೊಡ್ಡದು ಮಾಡಿದೆ. ಮೊದಲ ಸಾಲು, ಮೂರನೆಯ ಕುರ್ಚಿ — "ವಿರೋಧ". ಹೋಟೆಲಿನ ಪ್ರಸ್ತಾವ ತಂದ ರುಮೆನ್‌ನ ಕುರ್ಚಿ ಅದು.



ಮಾರ್ಚ್ 17, ಸೋಮವಾರ

ಅಪಾಯಿಂಟ್‌ಮೆಂಟ್ ಇಲ್ಲದೆ ರುಮೆನ್‌ನ ಕಚೇರಿಯ ಒಳಗೆ ಹೋದೆ.

"ಕೂತ್ಕೊಳ್ಳಿ ಮೇಡಮ್. ಕಾಫಿ?"

"ರುಮೆನ್, ಆ ಹೋಟೆಲಿಗೆ ನೀನು ವಿರೋಧಾನಾ?"

"ಇದೇನು ಹೀಗೆ ಕೇಳ್ತೀರಿ? ನಾನೇ ತಂದ ಪ್ರಸ್ತಾವ."

"ಹಾಗಾದ್ರೆ ಇದೇನು?"

ಫೋಟೊ ನೋಡಿದ. ಎದ್ದು ಹೋಗಿ ಬಾಗಿಲು ಮುಚ್ಚಿ ಬಂದ.

"ಯಂತ್ರಕ್ಕೆ ಪ್ರಮಾಣಪತ್ರ ಇದೆ ಮೇಡಮ್. ಅದು ಎಣಿಸಿದ್ದೇ ದಾಖಲೆ."

"ಯಂತ್ರಕ್ಕೆ ಗೊತ್ತಿರ್ಲಿಲ್ಲ, ಒಪ್ತೀನಿ. ನೀನು ಈ ಊರಲ್ಲೇ ಹುಟ್ಟಿದವನು. ನಿನ್ನ ಹೆಸರಿನ ಮುಂದೆ ವಿರೋಧ ಅಂತ ನೋಡಿದ ತಕ್ಷಣ ಎಲ್ಲಾ ತಿರುಗಾಮುರುಗಾ ಆಗಿದೆ ಅಂತ ಗೊತ್ತಾಯ್ತು. ಗೊತ್ತಾಗೇ ಸಹಿ ಹಾಕಿದೆ."

"ಕಾಮ್ರೇಡ್ ಟೀಚರ್," ಅಂದ ಮೆಲ್ಲಗೆ. ಕಮ್ಯುನಿಸ್ಟರ ಕಾಲ ಮುಗಿದ ಮೇಲೆ, ಮೂವತ್ತೈದು ವರ್ಷದಿಂದ ಯಾರೂ ನನ್ನನ್ನು ಹಾಗೆ ಕರೆದಿಲ್ಲ. "ಎಂಬತ್ತಾರರ ಮೇ ತಿಂಗಳು. ಲ್ಯಾಬಿನ ಪೆಟ್ಟಿಗೆ ಒಂದೇ ಸಮ ಟಿಕ್ ಟಿಕ್ ಅಂತ ಬಡ್ಕೊಳ್ತಿತ್ತು. ಯಾಕೆ ಅಂತ ನಾನು ಕೇಳ್ದೆ. ನೀವೇನಂದ್ರಿ?"

ಫೋನನ್ನು ಚೀಲಕ್ಕೆ ಹಾಕಿಕೊಂಡೆ.

"ಕೆಟ್ಟಿದೆ ಅಂದ್ರಿ. ನೆಟ್ಟಗಿದ್ದ ಯಂತ್ರಾನ ನೀವು ಕೆಟ್ಟಿದೆ ಅಂದ್ರಿ. ಕೆಟ್ಟದ್ದನ್ನ ನಾನು ನೆಟ್ಟಗಿದೆ ಅಂತಿದೀನಿ. ಅಷ್ಟೇ ವ್ಯತ್ಯಾಸ. ಕಾಫಿ ತರಿಸ್ಲಾ?"

ಮಾರ್ಚ್ 24

ಒಂದು ವಾರ ಬರೆಯಲಿಲ್ಲ. ತಾಪಮಾನವನ್ನೂ. ಮೂವತ್ತು ವರ್ಷದಲ್ಲಿ ಇದೇ ಮೊದಲು.

ಚೆರ್ನೋಬಿಲ್ ಸ್ಫೋಟಿಸಿದ ಮರುವಾರ. ವಿಕಿರಣ ಅಳೆಯುವ ಪೆಟ್ಟಿಗೆ ನಮ್ಮ ಲ್ಯಾಬಿನಲ್ಲಿತ್ತು. ಮುಖ್ಯೋಪಾಧ್ಯಾಯರಿಗೆ ಮೇಲಿನಿಂದ ಫೋನ್ ಬಂತು: ಏನೂ ಆಗಿಲ್ಲ. ಪೆಟ್ಟಿಗೆ ಬೀರುವಿಗೆ ಹೋಯಿತು, ಕೀಲಿ ನನ್ನ ಚೀಲಕ್ಕೆ. ಮಕ್ಕಳು ಅಂಗಳದ ಮಳೆಯಲ್ಲಿ ಚೆಂಡಾಡಿದರು. ಶಾಲೆಯ ತೋಟದ ಲೆಟಿಸ್ ತಿಂದರು. ಮನೆಯಲ್ಲಿ ನಾನು ಯಾನಿತ್ಸಾಗೆ ತಾಜಾ ಹಾಲಿನ ಬದಲು, ಸ್ಫೋಟಕ್ಕೆ ಮೊದಲಿನ ಹಳೆಯ ಡಬ್ಬಿಯ ಹಾಲಿನ ಪುಡಿ ಕಲಸಿ ಕೊಟ್ಟೆ.

ಹೌದು. ನನ್ನ ಮಗಳಿಗೆ ಮಾತ್ರ.

ಅಂದಿನಿಂದ ಸರ್ಕಾರವನ್ನು ಬೈಯುತ್ತಲೇ ಬಂದಿದ್ದೇನೆ. ಆ ಕೀಲಿಯ ವಿಷಯ ಮಾತ್ರ ಈ ದಿನಚರಿಗೂ ಹೇಳಿರಲಿಲ್ಲ. ರುಮೆನ್‌ಗೆ ಅದು ಮರೆತಿಲ್ಲ. ಅದನ್ನೇ ಇಷ್ಟು ವರ್ಷ ಇಟ್ಟುಕೊಂಡು, ನನ್ನ ಬಾಯಿ ಮುಚ್ಚಿಸಲು ತೆಗೆದ.

ಮಾರ್ಚ್ 26, ಮಧ್ಯಾಹ್ನ

ಜ್ಲಾತ್ಕಾಗೆ ಎಲ್ಲವನ್ನೂ ಹೇಳಿದೆ. ಕೀಲಿಯದ್ದೂ, ಶುಕ್ರವಾರದ ಊರ ಸಭೆಯಲ್ಲಿ ನಾನು ಎದ್ದು ಮಾತಾಡುವುದನ್ನೂ. ಅವಳ ಮಗ ರುಮೆನ್‌ನ ತರಗತಿಯವನು. ಕೈಯಲ್ಲಿದ್ದ ಹಿಟ್ಟು ಒರೆಸಿಕೊಂಡಳು.

"ನನಗೆ ಯಾಕೆ ಹೇಳ್ಲಿಲ್ಲ ಕಣೇ? ಗೋಡೆ ಆಚೆಗೇ ಇದ್ನಲ್ಲ."

"ಹೆದರಿಕೆ."

"ನನ್ನ ಮಗನಿಗೂ ಒಂದು ಡಬ್ಬಿ ಕೊಡ್ಬಹುದಿತ್ತು." ಒಳಗೆ ಹೋದಳು. ಬಾಗಿಲ ಹತ್ತಿರ ತಿರುಗಿ, "ಶುಕ್ರವಾರ ಸಭೆಗೆ ಬರ್ತೀನಿ. ನಿನಗೋಸ್ಕರ ಅಲ್ಲ," ಅಂದಳು.

ಮಾರ್ಚ್ 27, ಗುರುವಾರ, ಸಂಜೆ 5

11 ಡಿಗ್ರಿ. ವಾಯುಭಾರ ಏರುತ್ತಿದೆ. ದಾರ ಇನ್ನೂ ಕೈಯಲ್ಲಿದೆ. ನಾಳೆ ಆರೂವರೆಗೆ ಸಭೆ, ಅದೇ ಸಭಾಂಗಣ. ಓದಲು ಬರೆಯುತ್ತಿದ್ದೇನೆ. ಮೂರು ಹಾಳೆ ಹರಿದು ಹಾಕಿದ ಮೇಲೆ ಇದು:

ಮೊದಲು ನನ್ನದು. 1986ರ ಮೇ ತಿಂಗಳಲ್ಲಿ ನಿಮ್ಮ ಮಕ್ಕಳಿಗೆ ನಾನು ಸುಳ್ಳು ಹೇಳಿದೆ. ಪೆಟ್ಟಿಗೆ ಕೆಟ್ಟಿರಲಿಲ್ಲ. ಬೀರುವಿನ ಕೀಲಿ ಇಗೋ, ಈ ಮೇಜಿನ ಮೇಲಿದೆ. ಅದಕ್ಕೆ ಏನು ಕೇಳಬೇಕೋ ಕೇಳಿ, ನಿಂತೇ ಉತ್ತರ ಕೊಡುತ್ತೇನೆ.

ಇನ್ನು ನಿನ್ನದು, ರುಮೆನ್. ನನ್ನ ಸುಳ್ಳಿನ ಹಿಂದೆ ಅಡಗಿಕೊಳ್ಳಲು ಇನ್ನು ಜಾಗವಿಲ್ಲ. ಎದ್ದು ನಿಲ್ಲು. ಊರಿನ ಕಡೆ ತಿರುಗು. ಮೊದಲ ಸಾಲು, ಮೂರನೆಯ ಕುರ್ಚಿ — ಮಾರ್ಚ್ 11ರಂದು ನೀನು ಹೇಳಿದ್ದು ಹೌದು ಅಂತಲೋ, ಇಲ್ಲ ಅಂತಲೋ? ತಲೆ ಆಡಿಸಬೇಡ. ಎಲ್ಲರಿಗೂ ಕೇಳುವ ಹಾಗೆ ಬಾಯಿಬಿಟ್ಟು ಹೇಳು.