ಹೊಸ್ತಿಲ ಹಾಡಿಲ್ಲದ ಮಹಡಿಯವರು

ಏಳುದಿಬ್ಬ ದೇಶ,
ಕಡಲೇರಿದ ಇನ್ನೂರ ಹನ್ನೆರಡನೇ ವರ್ಷ, ಹದಿಮೂರನೇ ತಿಂಗಳ ಮೂವತ್ತೈದನೇ ತಾರೀಖು.

ಮುತ್ತಜ್ಜಿಯ ಮುತ್ತಜ್ಜಿಯಾದ ಶಮಂತಳಿಗೆ ಇರಾವತಿಯ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡ. ನಮ್ಮದು ಒಂದೇ ಹಗಲಲ್ಲಿ ನಡೆದು ಮುಗಿಸಬಹುದಾದಷ್ಟು ಪುಟ್ಟ ದೇಶ. ಕಡಲು ಏರಿದಾಗ ಸಿದ್ದಿಯರು, ಹಾಲಕ್ಕಿಯವರು, ಕುಡುಬಿಯವರು, ಬ್ಯಾರಿಗಳು, ಇನ್ನೂ ಹಲವರು ಈ ದಿಬ್ಬಗಳನ್ನು ಹತ್ತಿ ಉಳಿದುಕೊಂಡರು. ಎಲ್ಲರ ಹಬ್ಬಗಳಿಗೂ ಹನ್ನೆರಡು ತಿಂಗಳು ಸಾಲದೆ ಹದಿಮೂರನೆಯದನ್ನು ಸೇರಿಸಿದೆವು. ಅದೂ ಸಾಲದೆ ಅದನ್ನು ಎಳೆದು ಉದ್ದ ಮಾಡಿದೆವು. ನನ್ನ ಮಾತು ವಿಚಿತ್ರ ಅನ್ನಿಸಿದರೆ ಕ್ಷಮಿಸು. ನೀನು ನನಗೆ ಹಿರಿಯಳು ಹೌದು, ಆದರೆ ಇದನ್ನು ಓದುವಾಗ ನೀನಿನ್ನೂ ಕಾಲೇಜಿಗೆ ಹೋಗುವ ಹುಡುಗಿ, ನಾನು ಮಗಳ ಮದುವೆ ಮಾಡುತ್ತಿರುವವಳು. ಅದಕ್ಕೇ ಈ ಏಕವಚನ.

ದಿಬ್ಬ ಹತ್ತಿದವರೆಲ್ಲ ಏನಾದರೂ ಹೊತ್ತು ತಂದಿದ್ದರು. ಸಿದ್ದಿಯರು ದಮಾಮಿ ಕುಣಿತದ ಡೋಲು ತಂದರು, ಕುಡುಬಿಯವರು ಗುಮಟೆ ವಾದ್ಯ ತಂದರು, ಹಾಲಕ್ಕಿ ಹೆಂಗಸರು ಕೊರಳ ತುಂಬ ಮಣಿಸರ, ಬಾಯಿ ತುಂಬ ಹಾಡು ತಂದರು. ನಾವು ಅಪಾರ್ಟ್‌ಮೆಂಟುಗಳಿಂದ ಬಂದವರು. ಇಲ್ಲಿ ನಮ್ಮ ಕುಲದ ಹೆಸರೇ ಮಹಡಿಯವರು. ನಾವು ತಂದದ್ದು ಚಾರ್ಜರು. ನೆರೆಮನೆಯ ಹಾಲಕ್ಕಿ ಮುದುಕಿ ಸೊಪ್ಪು ಸೋಸುವಾಗಲೂ ಹಾಡುತ್ತಾಳೆ, ಮೊಮ್ಮಗಳು ಆಟದ ನಡುವೆಯೇ ಮುಂದಿನ ಸಾಲು ಎತ್ತಿಕೊಳ್ಳುತ್ತಾಳೆ. ನನಗೆ ಹೊಟ್ಟೆ ಉರಿಯುತ್ತದೆ. ಮುಚ್ಚಿಟ್ಟು ಪ್ರಯೋಜನವಿಲ್ಲ, ಧಗಧಗ ಉರಿಯುತ್ತದೆ.

ನಮ್ಮ ದೇಶದಲ್ಲಿ ಹೊಸ್ತಿಲ ಹಾಡು ಎಂಬ ಕ್ರಮವಿದೆ. ಮದುವೆಯ ದಿನ ಗಂಡಿನ ತಾಯಿಯೂ ಹೆಣ್ಣಿನ ತಾಯಿಯೂ ಹೊಸ್ತಿಲಲ್ಲಿ ನಿಂತು, ತಂತಮ್ಮ ಅಜ್ಜಿಯರಿಂದ ಬಂದ ಹಾಡೊಂದನ್ನು ಹೇಳಿಯೇ ಒಳಗೆ ಕಾಲಿಡಬೇಕು. ಹಾಡಿಲ್ಲದವಳು ಧಾರೆ ಮುಗಿಯುವ ತನಕ ಹೊರಗೇ. ನಾಳೆ ಬೆಳಿಗ್ಗೆ ನನ್ನ ಮಗಳು ಕೇದಗೆಗೂ ಬಸ್ತ್ಯಾಂವ ಸಿದ್ದಿಗೂ ಮದುವೆ.

ಮೊದಲು ನಮಗೂ ಒಂದು ಹಾಡಿತ್ತು. ನಿನ್ನ ಫೋನಿನಲ್ಲಿ ಉಳಿದಿದ್ದ ಒಂದೇ ಒಂದು ಧ್ವನಿಮುದ್ರಣದಿಂದ ಕಲಿತದ್ದು. ಹಸಿಯನ್ನು ಹಸಿರು ಬುಟ್ಟಿಗೆ, ಒಣಗಿದ್ದನ್ನು ನೀಲಿ ಬುಟ್ಟಿಗೆ ಹಾಕಿರಮ್ಮ ಎಂದು ಅದರ ಪಲ್ಲವಿ. ಸಂಸಾರದಲ್ಲಿ ಒಲವನ್ನೂ ಮುನಿಸನ್ನೂ ಬೆರೆಸಬಾರದು ಎಂದು ಹಿರಿಯರು ಅದಕ್ಕೆ ಅರ್ಥ ಹೇಳುತ್ತಿದ್ದರು. ನನ್ನ ಮದುವೆಯಲ್ಲಿ ಅಮ್ಮ ಅದನ್ನು ಹಾಡಿ ಅತ್ತಿದ್ದಳು. ಹೋದ ವರ್ಷ ಹಳೆಯ ಸದ್ದುಗಳನ್ನು ಶೋಧಿಸುವವರು ಬಂದು, ಅದು ನಿನ್ನ ಬೀದಿಗೆ ಬರುತ್ತಿದ್ದ ಕಸದ ಗಾಡಿಯ ಹಾಡು ಎಂದು ತಿಳಿಸಿದರು. ಏಳೂ ದಿಬ್ಬ ಬಿದ್ದು ಬಿದ್ದು ನಕ್ಕಿತು. ಈಗ ಅದನ್ನು ಹಾಡುವಂತಿಲ್ಲ.

ಬೀಗತಿ ಲುವೀನಾ ನಗಲಿಲ್ಲ. ನಿನ್ನೆ ಬಂದು ನನ್ನ ಕೈಹಿಡಿದು, "ಅದ್ರಾಗೇನೈತ್ರೀ ಬೀಗತಿ, ನಮ್ಮವು ರಗಡ ಹಾಡ ಅದಾವ. ಒಂದ್ ನೀವು ತಗೋರಿ, ಯಾರ್ ಕೇಳ್ತಾರ?" ಅಂದಳು. ಒಳ್ಳೆಯ ಹೆಂಗಸು. ಮಿಕ್ಕ ಸಾರನ್ನು ಪಕ್ಕದ ಮನೆಗೆ ಕೊಡುವಷ್ಟು ಸಲೀಸಾಗಿ ಹಾಡು ಕೊಡಲು ಬಂದಳಲ್ಲ, ಅದಕ್ಕೇ ನನಗೆ ಇನ್ನಷ್ಟು ಸಂಕಟವಾಯಿತು. ಬೇಡ ಎಂದೆ.

ಆದರೆ ಲುವೀನಾಳ ಮೇಲಿನ ಕರುಬು ನಿನ್ನ ಮೇಲಿನದರ ಮುಂದೆ ಏನೂ ಅಲ್ಲ. ಆ ಧ್ವನಿಮುದ್ರಣವನ್ನು ನಾನು ಮತ್ತೆ ಮತ್ತೆ ಕೇಳಿದ್ದೇನೆ. ಕಸದ ಗಾಡಿ ದೂರ ಹೋದ ಮೇಲೆ, ಅಡುಗೆಮನೆಯ ಕಡೆಯಿಂದ ಮುದುಕಿಯೊಬ್ಬಳು ಏನೋ ಹಾಡಲು ಶುರುಮಾಡುತ್ತಾಳೆ. ನಿನ್ನ ಅಜ್ಜಿಯೇ ಇರಬೇಕು. ಎರಡು ಉಸಿರಿನಷ್ಟು ಮಾತ್ರ. ಆಮೇಲೆ "ಅಜ್ಜೀ, ಸ್ವಲ್ಪ ಸುಮ್ನಿರ್ತೀಯಾ?" ಎನ್ನುವ ನಿನ್ನ ದನಿ, ಬಾಗಿಲು ಹಾಕಿದ ಸದ್ದು. ನಾನು ಬೇಡಿದರೂ ಸಿಗದ್ದು ನಿನಗೆ ಗೋಡೆಯಾಚೆ ಪುಕ್ಕಟೆ ಸಿಗುತ್ತಿತ್ತು, ನಿನಗೆ ಅದು ಕಿರಿಕಿರಿ!

ಬೈಯಲು ಈ ಪತ್ರ ಬರೆಯುತ್ತಿಲ್ಲ. ಬೈದದ್ದಾಯಿತು. ಬೇಡಿಕೊಳ್ಳುತ್ತಿದ್ದೇನೆ, ಎದ್ದು ಹೋಗು. ಅಜ್ಜಿಯ ಪಕ್ಕದಲ್ಲಿ ಕೂತು ಆ ಹಾಡನ್ನು ಪೂರ್ತಿ ಹೇಳಿಸಿಕೊ, ಬಾಯಿಪಾಠ ಮಾಡು, ಮುಂದೆ ಹುಟ್ಟುವ ಮಗಳಿಗೆ ಕಲಿಸು, ಅವಳೂ ತನ್ನ ಮಗಳಿಗೆ ಕಲಿಸುವಂತೆ ಹೇಳು. ನೀನು ಹೋದೆಯಾದರೆ ನಾನು ಕಾಯಬೇಕಾದ್ದೇ ಇಲ್ಲ. ಅದು ನನಗೆ ಚಿಕ್ಕಂದಿನಿಂದಲೂ ಗೊತ್ತಿದ್ದ ಹಾಡಾಗಿ, ಈ ಕ್ಷಣವೇ ನೆನಪಿಗೆ ಬರಬೇಕು.

ಬರೆಯುವುದನ್ನು ನಿಲ್ಲಿಸಿ, ಬಾಯಿ ತೆರೆದು ಕೂತು ನೋಡಿದೆ.

ಇನ್ನೂ ಏನೂ ಬಂದಿಲ್ಲ ಶಮಂತಾ.